ಒಳ್ಳೆಯ ದರ ಬಂದ ವರ್ಷ ನಿದ್ದೆ ಕಳೆದುಕೊಂಡ ಬೆಳೆಗಾರ

ಈ ಪ್ರಕರಣವನ್ನು ಸಂಬಂಧಪಟ್ಟವರೆಲ್ಲರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂಬ ಕಾರಣಕ್ಕೆ ಹೆಸರುಗಳನ್ನು ಬಿಟ್ಟು, ಊರು ಹಾಗೂ ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಬರುವವರನ್ನು ಅಣ್ಣ, ತಮ್ಮ, ತಾಯಿ ಎಂದಷ್ಟೇ ಕರೆಯುತ್ತೇನೆ.

ಅಣ್ಣನಿಗೆ 45 ವರ್ಷ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ತಂದೆಯಿಂದ ಬಂದ ಕಾಫಿ ತೋಟವನ್ನು ತಮ್ಮನ ಜೊತೆಗೂಡಿ ನೋಡಿಕೊಳ್ಳುತ್ತಾರೆ. 2025ರ ಆರಂಭದಲ್ಲಿ, ರೋಬಸ್ಟಾ ಜಾತಿಯ ಕಾಫಿಯ ಕೊಯ್ಲು ನಡೆದು ಚೆರಿ, ಅಂದರೆ ಕೊಯ್ದ ಹಣ್ಣು, ಇನ್ನೂ ಕಣದಲ್ಲಿ ಒಣಗುತ್ತಿದ್ದ ಸಮಯದಲ್ಲಿ, ಅವರು ಮೊದಲ ಬಾರಿಗೆ ನನ್ನ ಬಳಿ ಬಂದರು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ಎದೆ ಹಿಡಿದಂತಾಗುತ್ತದೆ, ಕಣದಲ್ಲಿ ಯಾರೋ ಓಡಾಡಿದಂತಾಗಿ ಟಾರ್ಚ್ ಹಿಡಿದು ಹೊರಗೆ ಹೋಗಿ ನೋಡಿ ಬರಬೇಕಾಗುತ್ತದೆ ಎಂಬುದು ಅವರ ದೂರು. ಇಸಿಜಿ, ಥೈರಾಯ್ಡ್, ಸಕ್ಕರೆ ಎಲ್ಲವೂ ಸರಿಯಾಗಿದ್ದುದರಿಂದ ಅವರ ವೈದ್ಯರೇ ಆಪ್ತಸಲಹೆಗೆ ಕಳುಹಿಸಿದ್ದರು.

ತೊಂದರೆ ಶುರುವಾದ ಕಾಲವೇ ಅವರನ್ನು ಹೆಚ್ಚು ಗೊಂದಲಕ್ಕೆ ದೂಡಿತ್ತು. ಬ್ರೆಜಿಲ್ ಮತ್ತು ವಿಯೆಟ್ನಾಂಗಳಲ್ಲಿ ಬರದಿಂದ ಫಸಲು ಕುಗ್ಗಿ, 2024ರುದ್ದಕ್ಕೂ ಏರುತ್ತಲೇ ಹೋದ ಕಾಫಿ ದರ, ಅವರು ನನ್ನ ಬಳಿ ಬಂದ ಹೊತ್ತಿಗೆ ಹಿಂದೆಂದೂ ಕಾಣದ ಮಟ್ಟ ಮುಟ್ಟಿತ್ತು. ಅವರ ಮೇಲೆ ಒಂದು ರೂಪಾಯಿ ಸಾಲವೂ ಇರಲಿಲ್ಲ. "ಕಷ್ಟದ ವರ್ಷದಲ್ಲಿ ಮಲಗಿದವನು ನಾನು ಮೇಡಂ, ಈಗ ಯಾಕೆ ಹೀಗೆ?" ಎಂದು ಕೇಳಿದರು. ಮನೆಯಲ್ಲಿ ಏನಾದರೂ ಬದಲಾಗಿದೆಯೇ ಎಂದು ವಿಚಾರಿಸಿದಾಗ ತಮ್ಮನ ವಿಷಯ ಬಂತು. ಈ ವರ್ಷದ ಹಣದ ಜೊತೆಗೆ ಬ್ಯಾಂಕಿನಿಂದ ಸಾಲ ತೆಗೆದು ತೋಟದ ಅಂಚಿನಲ್ಲಿ ಹೋಂಸ್ಟೇ ಕಟ್ಟಬೇಕೆಂಬುದು ತಮ್ಮನ ಆಸೆ. ಬಂದ ಹಣವನ್ನೆಲ್ಲ ಠೇವಣಿ ಇಡಬೇಕು, ಸಾಲದ ಕಾಗದಕ್ಕೆ ಕೈ ಹಾಕಕೂಡದು ಎಂಬುದು ಅಣ್ಣನ ಹಟ. ಮಾತಿಗೆ ಮಾತು ಬೆಳೆದು ಪಾಲಿನ ಪ್ರಸ್ತಾಪವೂ ಆಗಿತ್ತು.

ಮೊದಲ ಭೇಟಿಯಲ್ಲಿ ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನೆಗಳನ್ನು ಕೇಳಿದೆ. ಸಾಯುವ ಯೋಚನೆ ಬರುತ್ತದೆಯೇ ಎಂಬುದನ್ನು ನೇರವಾಗಿಯೇ ವಿಚಾರಿಸಿದೆ. ಅಂಥದ್ದೇನೂ ಇರಲಿಲ್ಲ. ಖಿನ್ನತೆ ಅಲ್ಪ ಪ್ರಮಾಣದಲ್ಲಿತ್ತು, ಆತಂಕವೇ ಮುಂದಿತ್ತು. ಹಾಗಿದ್ದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ನ 14416 ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಲು ಹೇಳಿದೆ, ಏಕೆಂದರೆ ರಾತ್ರಿ ಎರಡು ಗಂಟೆಗೆ ತೋಟದ ಮನೆಯಿಂದ ಬೇರೆ ಯಾರನ್ನು ಕರೆಯಲು ಸಾಧ್ಯ?

ಮುಂದಿನ ಭೇಟಿಯಲ್ಲಿ, ಜೀವನದ ಬಗೆಗಿನ ತೃಪ್ತಿಯನ್ನು ಅಳೆಯಲು ಮನೋವಿಜ್ಞಾನಿ ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ, ಐದೇ ಹೇಳಿಕೆಗಳಿರುವ ಪುಟ್ಟ ಮಾಪಕವನ್ನು ಓದಿ ಹೇಳಿದೆ. ಮೊದಲ ನಾಲ್ಕು ಹೇಳಿಕೆಗಳಿಗೆ ಅವರು ತಡವರಿಸದೆ ಒಪ್ಪಿಗೆ ಕೊಟ್ಟರು. ಮತ್ತೊಮ್ಮೆ ಬದುಕುವ ಅವಕಾಶ ಸಿಕ್ಕರೆ ಬಹುತೇಕ ಏನನ್ನೂ ಬದಲಿಸುವುದಿಲ್ಲ ಎಂಬ ಅರ್ಥದ ಕೊನೆಯ ಹೇಳಿಕೆ ಬಂದಾಗ ಸುಮ್ಮನಾದರು. ಆಮೇಲೆ, ಒಂದು ವರ್ಷವನ್ನು ತೆಗೆದುಹಾಕುತ್ತೇನೆ ಎಂದರು. ಅದು 2002.

ಕಾಫಿ ನಾಡಿನಲ್ಲಿ ಆ ವರ್ಷಗಳನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ದೇಶದೇಶದ ರಫ್ತಿಗೆ ಮಿತಿ ಹಾಕಿ ದರವನ್ನು ಕಾಯುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ 1989ರಲ್ಲಿ ಮುರಿದುಬಿತ್ತು. ತೊಂಬತ್ತರ ದಶಕದಲ್ಲಿ ವಿಯೆಟ್ನಾಂ ಅಪಾರ ಪ್ರಮಾಣದಲ್ಲಿ ರೋಬಸ್ಟಾ ಬೆಳೆಯತೊಡಗಿತು. ನಮ್ಮಲ್ಲಿ 1996ರ ಹೊತ್ತಿಗೆ ಬೆಳೆಗಾರರ ಕಾಫಿಯನ್ನು ಕಾಫಿ ಮಂಡಳಿಯೇ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲ್ ಪದ್ಧತಿ ಹೋಗಿ ಬೆಳೆಗಾರರು ಮುಕ್ತ ಮಾರುಕಟ್ಟೆಗೆ ಬಂದಿದ್ದರು. ತೊಂಬತ್ತರ ನಡುವಿನಲ್ಲಿ ಸಿಕ್ಕ ಒಳ್ಳೆಯ ದರವನ್ನು ನಂಬಿ ಸಾಲ ತೆಗೆದು ತೋಟ ವಿಸ್ತರಿಸಿದವರ ಮೇಲೆ, 2000ದ ನಂತರ ದರ ನೆಲ ಕಚ್ಚಿದಾಗ ಪೆಟ್ಟು ಬಿತ್ತು. ಈ ಕುಟುಂಬದ ತಂದೆಯೂ ಹಾಗೆ ವಿಸ್ತರಿಸಿದವರಲ್ಲೊಬ್ಬರು.

ಅಣ್ಣನಿಗೆ ಆಗ 22. ಒಂದು ಮಧ್ಯಾಹ್ನ ಸಾಲ ವಸೂಲಿಗೆ ಜೀಪು ಬಂತು. ತಂದೆ ಊಟಕ್ಕೆ ಕುಳಿತಿದ್ದವರು ಎದ್ದು ಉಗ್ರಾಣಕ್ಕೆ ಹೋಗಿ ಒಳಗಿನಿಂದ ಅಗುಳಿ ಹಾಕಿಕೊಂಡರು. "ಅಪ್ಪ ಮನೇಲಿಲ್ಲ, ಚಿಕ್ಕಮಗಳೂರಿಗೆ ಹೋಗಿದಾರೆ ಅಂತ ಹೇಳು" ಎಂದು ಮಗನಿಗೆ ಹೇಳಿದ್ದರು. ಮಗ ಹಾಗೆಯೇ ಹೇಳಿದ. ಬಂದವರು ಜಗಲಿಯಲ್ಲಿ ಕುಳಿತೇ ಬಿಟ್ಟರು. ತಟ್ಟೆಯಲ್ಲಿ ಕಲಸಿಟ್ಟ ಅನ್ನ ಬಾಗಿಲ ನೇರಕ್ಕೆ ಕಾಣುತ್ತಿತ್ತು. ಅದು ಯಾರ ತಟ್ಟೆ ಎಂದು ಬಂದವರಲ್ಲೊಬ್ಬರು ಕೇಳಿದರು. ತನ್ನದೇ ಎಂದು ಮಗ ಅದರ ಮುಂದೆ ಕುಳಿತು, ಅವರು ಎದ್ದು ಹೋಗುವವರೆಗೂ ಅಪ್ಪನ ಎಂಜಲನ್ನು ಉಂಡ. ಇಷ್ಟು ವರ್ಷ ಹೆಂಡತಿಗೂ ಹೇಳದಿದ್ದ ಈ ಸಂಗತಿಯನ್ನು ಹೇಳುವಾಗ ಅವರ ಬಲಗೈ ತುತ್ತು ಕಲಸುವಂತೆ ಮೇಜಿನ ಮೇಲೆ ಆಡುತ್ತಿತ್ತು.

ಹದಿಹರೆಯದ ಕೊನೆ ಹಾಗೂ ಇಪ್ಪತ್ತರ ಆರಂಭದ ವರ್ಷಗಳ ನೆನಪುಗಳು ಮುಂದೆ ಜೀವಮಾನವಿಡೀ ಇತರ ಕಾಲದ ನೆನಪುಗಳಿಗಿಂತ ಹೆಚ್ಚು ಸ್ಪಷ್ಟವಾಗಿ ಉಳಿಯುತ್ತವೆ ಎಂಬುದನ್ನು ಮನೋವಿಜ್ಞಾನದ ಅನೇಕ ಅಧ್ಯಯನಗಳು ತೋರಿಸಿವೆ. ಹಣಕಾಸಿನ ವಿಷಯದಲ್ಲೂ ಇಂಥದ್ದೇ ಸಂಗತಿಯಿದೆ. ಷೇರುಪೇಟೆ ಕುಸಿದ ಕಾಲವನ್ನು ಸ್ವತಃ ಅನುಭವಿಸಿದವರು ದಶಕಗಳ ನಂತರವೂ ಹಣದ ವಿಷಯದಲ್ಲಿ ಅಪಾಯಕ್ಕೆ ಕೈ ಹಾಕಲು ಹಿಂಜರಿಯುತ್ತಾರೆಂದು ಅಮೆರಿಕದ ಕುಟುಂಬಗಳ ಮಾಹಿತಿಯನ್ನು ಆಧರಿಸಿ ಅರ್ಥಶಾಸ್ತ್ರಜ್ಞರಾದ ಉಲ್ರಿಕೆ ಮಾಲ್‌ಮೆಂಡಿಯರ್ ಮತ್ತು ಸ್ಟೀಫನ್ ನಾಗೆಲ್ 2011ರಲ್ಲಿ ತೋರಿಸಿದರು. ಇದನ್ನು ಅಣ್ಣನಿಗೆ ಹೇಳಿದ್ದಕ್ಕೆ ಕಾರಣವಿತ್ತು. ತನ್ನ ಸ್ವಭಾವವೇ ಪುಕ್ಕಲು ಎಂದು ಅವರು ನಂಬಿದ್ದರು, ತಮ್ಮನೂ ಜಗಳದಲ್ಲಿ ಅದನ್ನೇ ಅಂದಿದ್ದ. ಆ ಮಾತನ್ನು ಮೊದಲು ತೆಗೆಯಬೇಕಿತ್ತು.

ಇನ್ನೊಂದು ವಿಷಯವೂ ಸ್ಪಷ್ಟವಾಗತೊಡಗಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರು ತನಗೆ ಸಾಲದ ಭಯ ಎಂದುಕೊಂಡಿದ್ದರು. ಆದರೆ ಅವರು ಹೇಳಿದ ಘಟನೆಯಲ್ಲಿ ಸಾಲದ ಮೊತ್ತ ಒಮ್ಮೆಯೂ ಬರಲಿಲ್ಲ. ಬಂದದ್ದು ಬಾಗಿಲು, ಸುಳ್ಳು, ತಟ್ಟೆ. ಅವರನ್ನು ಕಾಡುತ್ತಿದ್ದದ್ದು ಮನೆಯ ಮರ್ಯಾದೆ ಉಳಿಸಲು ಮಗನೊಬ್ಬ ಸುಳ್ಳಾಡಬೇಕಾಗಿ ಬಂದ ಸ್ಥಿತಿ. "ಯಾರು ಯಾವಾಗ ಬಂದರೂ ಬಾಗಿಲು ತೆಗೆದು ಒಳಗೆ ಕರೆಯುವ ಹಾಗಿರಬೇಕು" ಎಂದು ಅವರು ಹೇಳಿದಾಗ, ಚೆನ್ನಾಗಿ ಬಾಳುವುದೆಂದರೆ ಏನು ಎಂಬುದಕ್ಕೆ ಅವರ ಉತ್ತರ ಇದೇ ಎಂದು ನನಗೆ ಅನಿಸಿತು. ಇದು ಘನವಾದ ಉತ್ತರ. ಹಳೆಯದನ್ನೆಲ್ಲ ಮರೆತುಬಿಡಿ ಎಂದು ಬಂಧುಗಳು ಹೇಳುತ್ತಿದ್ದ ಬುದ್ಧಿವಾದವನ್ನು ನಾನು ಒಪ್ಪದಿದ್ದುದು ಈ ಕಾರಣಕ್ಕೆ: ಆ ನೆನಪನ್ನು ಕಿತ್ತುಹಾಕಿದರೆ ಈ ಮನುಷ್ಯನ ಪ್ರಾಮಾಣಿಕತೆಯ ಬೇರನ್ನೂ ಕಿತ್ತಂತಾಗುತ್ತದೆ.

ತಮ್ಮನನ್ನು ಬೇರೆಯಾಗಿ ಕಂಡೆ. ಆತನಿಗೆ 36, ಅಂದರೆ 2002ರಲ್ಲಿ ಹದಿಮೂರರ ಹುಡುಗ. ಜೀಪು ಬಂದದ್ದು ಅವನಿಗೆ ನೆನಪಿಲ್ಲ, ಬಹುಶಃ ಶಾಲೆಯಲ್ಲಿದ್ದ. ನೆನಪಿರುವುದು ತಂದೆ ಪದೇ ಪದೇ ಹೇಳುತ್ತಿದ್ದ ಮಾತು: "ಸಾಲ ತೀರಲಿ, ಎಲ್ಲರೂ ಕಾಶಿಗೆ ಹೋಗಿಬರೋಣ." ತೋಟದ ನೆರಳಿಗೆ ಬೆಳೆಸಿದ್ದ ಸಿಲ್ವರ್ ಮರ ಕಡಿಸಿ ಮಾರಿ, ಮೆಣಸಿಗೆ ದರ ಬಂದಾಗ ಅದನ್ನೂ ಸುರಿದು, 2009ರಲ್ಲಿ ಸಾಲ ತೀರಿಸಿದರು. ಅದೇ ವರ್ಷ ಮಳೆಗಾಲ ಮುಗಿಯುವ ಮೊದಲೇ ತಂದೆ ತೀರಿಕೊಂಡರು. ಮುಂದೂಡಿದ ಸುಖ ಸಿಗುವುದೇ ಇಲ್ಲ ಎಂದು ತಮ್ಮ ತೀರ್ಮಾನಿಸಿದ. ಒಂದೇ ಸೂರಿನಡಿ, ಒಂದೇ ಸಾಲದ ನೆರಳಲ್ಲಿ ಬೆಳೆದ ಇಬ್ಬರು ಎರಡು ದಿಕ್ಕಿಗೆ ಹೊರಟದ್ದು ಹೀಗೆ. ಆಗಿದ್ದ ವಯಸ್ಸು, ನಿಂತಿದ್ದ ಜಾಗ, ಕಣ್ಣಿಗೆ ಬಿದ್ದ ದೃಶ್ಯ ಬೇರೆಯಾದರೆ ಒಂದೇ ಘಟನೆಯಿಂದ ಜನ ಬೇರೆ ಬೇರೆ ಬದುಕನ್ನು ಕಟ್ಟಿಕೊಳ್ಳುತ್ತಾರೆ. ಆಸ್ತಿಯ ಜಗಳವೆಂದು ನಮ್ಮ ಮುಂದೆ ಬರುವ ಎಷ್ಟೋ ಮನೆಗಳಲ್ಲಿ ಇಂಥ ಎರಡು ನೆನಪುಗಳೇ ಎದುರುಬದುರು ನಿಂತಿರುತ್ತವೆ.

ತಾಯಿ ತಾವಾಗಿಯೇ ಬರುತ್ತೇನೆಂದರು. ಇಬ್ಬರು ಮಕ್ಕಳ ನಡುವೆ ಕುಳಿತು ಅವರು ಹೇಳಿದ 2002 ಮೂರನೆಯದೇ ಆಗಿತ್ತು. ಆ ವರ್ಷ ವಾರವಾರದ ಬಟವಾಡೆ ಕೊಡಲಾಗದೆ ಹೋದಾಗ ತೋಟದ ಲೈನ್ ಮನೆಗಳಲ್ಲಿದ್ದ ಕೂಲಿಯವರು ಬೇರೆ ತೋಟಕ್ಕೆ ಹೋಗದೆ ಉಳಿದರು. ಅಕ್ಕಿ ಇದ್ದಷ್ಟು ಅಕ್ಕಿ ಕೊಡಿ, ಕೂಲಿ ಆಮೇಲೆ ನೋಡೋಣ ಎಂದರು. "ನಮ್ಮ ಕೈಲಿ ಏನೂ ಇಲ್ಲದಿದ್ದಾಗ ನಮ್ಮ ಜೊತೆ ಯಾರಿದ್ರು ಅಂತ ಗೊತ್ತಾಯ್ತು, ಅಷ್ಟು ಸಾಕಾಯ್ತು ನಂಗೆ" ಎಂದರು ಆಕೆ. ಅದೇ ಕೊಠಡಿಯಲ್ಲಿ ಅಣ್ಣ ತಟ್ಟೆಯ ವಿಷಯ ಹೇಳಿದರು. ತಾಯಿಗೆ ಅದು ಗೊತ್ತಿತ್ತು, ಅಡುಗೆಮನೆಯಿಂದ ನೋಡಿದ್ದರಂತೆ. ತಮ್ಮನಿಗೆ ಗೊತ್ತಿರಲಿಲ್ಲ. ಅವನು ಬಹಳ ಹೊತ್ತು ಅಣ್ಣನ ಮುಖ ನೋಡಲಿಲ್ಲ, ಆಮೇಲೆ "ಅಣ್ಣ, ಇದನ್ನ ಯಾಕೆ ಹೇಳ್ಲಿಲ್ಲ ನೀನು" ಎಂದಷ್ಟೇ ಕೇಳಿದ.

ಇನ್ನು ನಾನು ಕೊಟ್ಟ ಸಲಹೆಯ ವಿಷಯ. ನಿದ್ದೆಯ ಮಟ್ಟಿಗೆ ಹೇಳಿದ್ದು ಸರಳವಾದದ್ದು: ಸಂಜೆಯ ನಂತರ ಕಾಫಿ ಬೇಡ, ಮಲಗುವ ಮುನ್ನ ಫೋನಿನಲ್ಲಿ ದರ ನೋಡುವುದು ಬೇಡ, ಎಚ್ಚರವಾಗಿ ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲೇ ಹೊರಳಾಡದೆ ಎದ್ದು ಮಂದ ಬೆಳಕಿನಲ್ಲಿ ಕುಳಿತು, ನಿದ್ದೆ ಬಂದಾಗಲೇ ಮಲಗಬೇಕು, ಟಾರ್ಚ್ ಹಿಡಿದು ಕಣಕ್ಕೆ ಹೋಗುವುದನ್ನು ದಿನ ಬಿಟ್ಟು ದಿನ ತಪ್ಪಿಸುತ್ತಾ ಬರಬೇಕು. ಇಷ್ಟರಿಂದ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣುವುದೆಂದು ಮೊದಲೇ ಮಾತಾಗಿತ್ತು.

ಅಣ್ಣನಿಗೆ ನಾನು ಒತ್ತಿ ಹೇಳಿದ್ದು ಬೇರೆ. ಅವರು ಬಾಳಿನ ಬಗ್ಗೆ ಕಟ್ಟಿಕೊಂಡ ನಿಯಮಗಳೆಲ್ಲ 'ಇಲ್ಲ' ಎಂಬಲ್ಲಿ ಮುಗಿಯುತ್ತಿದ್ದವು: ಸಾಲ ಇಲ್ಲ, ಹಂಗು ಇಲ್ಲ, ತಲೆ ತಗ್ಗಿಸುವ ಸಂದರ್ಭ ಇಲ್ಲ. ಕೆಟ್ಟ ಕಾಲದಲ್ಲಿ ಮನುಷ್ಯನನ್ನು ಉಳಿಸುವ ಇಂಥ ನಿಯಮಗಳಿಗೆ ಒಳ್ಳೆಯ ಕಾಲ ಬಂದಾಗ ಏನು ಮಾಡಬೇಕೆಂದು ತಿಳಿಯುವುದಿಲ್ಲ. ದರ ಏರಿದ ವರ್ಷವೇ ಇವರ ನಿದ್ದೆ ಹೋದದ್ದು ಇದರಿಂದಲೇ ಎಂಬುದು ನನ್ನ ಅಭಿಪ್ರಾಯ. ತೊಂಬತ್ತರ ನಡುವಿನಲ್ಲೂ ಮೊದಲು ಬಂದದ್ದು ಒಳ್ಳೆಯ ದರ, ಆಮೇಲೆ ಜೀಪು. ಮನೋವಿಜ್ಞಾನಿ ಕ್ಯಾರಲ್ ರಿಫ್ 1989ರಲ್ಲಿ ಮಾನಸಿಕ ಕ್ಷೇಮದ ಆರು ಮುಖಗಳನ್ನು ಗುರುತಿಸಿದ್ದರು. ಸ್ವಂತ ನಿರ್ಧಾರದಲ್ಲಿ ನಡೆಯುವುದರಲ್ಲೂ ಸುತ್ತಲಿನ ವ್ಯವಹಾರವನ್ನು ನಿಭಾಯಿಸುವುದರಲ್ಲೂ ಇವರು ಗಟ್ಟಿ. ತಾನು ಇನ್ನೂ ಬೆಳೆಯುತ್ತಿದ್ದೇನೆ ಎಂಬ ಭಾವ ಮಾತ್ರ ಇವರಲ್ಲಿ ಎಲ್ಲೂ ಕಾಣುತ್ತಿರಲಿಲ್ಲ. ಹಾಗಾಗಿ, ಇರಬಾರದ್ದೆಲ್ಲ ಇಲ್ಲವಾದ ಮೇಲೆ ಏನು ಇರಬೇಕೆಂದು ಬರೆದು ತರಲು ಹೇಳಿದೆ.

ಅವರು ತಂದ ಹಾಳೆಯಲ್ಲಿ ಇದ್ದದ್ದು ಒಂದೇ ಸಾಲು: ನರ್ಸರಿ. ಹದಿನೆಂಟರ ವಯಸ್ಸಿನಲ್ಲಿ ಅವರು ಸ್ವಂತ ಕಾಫಿ ನರ್ಸರಿ ಮಾಡಿದ್ದರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಎಸ್. 795 ಎಂಬ ಕಾಫಿ ತಳಿಯ ಬೀಜ ತಂದು, ಮಡಿಯಲ್ಲಿ ಮೊಳಕೆ ಬರಿಸಿ, ಬೀಜವನ್ನೇ ಟೋಪಿಯಂತೆ ಹೊತ್ತು ಏಳುವ ಸಸಿಯನ್ನು ಒಂದೊಂದಾಗಿ ಚೀಲಕ್ಕೆ ದಾಟಿಸುವ ಕೆಲಸವನ್ನು ಅವರು ವಿವರಿಸುವಾಗ ಧ್ವನಿಯೇ ಬದಲಾಗಿತ್ತು. ದರ ಬಿದ್ದಾಗ ಸಸಿ ಕೊಳ್ಳುವವರಿಲ್ಲದೆ ಚೀಲಗಳೆಲ್ಲ ಒಣಗಿದವು, ಮತ್ತೆ ಅದರ ಮಾತೆತ್ತಲಿಲ್ಲ. ಸಣ್ಣದಾಗಿ, ಸ್ವಂತ ಹಣದಲ್ಲಿ, ಮುಂದಿನ ಡಿಸೆಂಬರ್ ಬಿತ್ತನೆಗೆ ನರ್ಸರಿ ಶುರುಮಾಡಿ ಎಂದು ಸಲಹೆ ಕೊಟ್ಟೆ.

ತಮ್ಮನಿಗೂ ಹೇಳಬೇಕಾದ್ದಿತ್ತು. ತಂದೆ ಕಾಶಿ ನೋಡದೆ ಹೋದದ್ದರ ನೋವು ನಿಜ, ಆದರೆ ಹೋಂಸ್ಟೇ ಕಟ್ಟಿದರೆ ಆ ನೋವು ತೀರುವುದಿಲ್ಲ. ತಾಯಿ ಇನ್ನೂ ಇದ್ದಾರೆ, ಕಾಶಿಯೂ ಇದೆ, ಅದಕ್ಕೆ ಬ್ಯಾಂಕಿನ ಸಾಲ ಬೇಕಾಗಿಲ್ಲ. ವ್ಯವಹಾರವನ್ನು ವ್ಯವಹಾರವಾಗಿಯೇ ಲೆಕ್ಕ ಹಾಕು ಎಂದೆ. ಸಾಲ ತೆಗೆಯುವುದೇ ಆದರೆ, ಕಾಫಿ ದರ ಅರ್ಧಕ್ಕೆ ಇಳಿದರೂ ಕಂತು ಕಟ್ಟಲು ಸಾಧ್ಯವಾಗುವ ಮೊತ್ತಕ್ಕೆ ಮಿತಿ ಹಾಕಬೇಕು, ಆ ಮಿತಿಯನ್ನು ಮನೆಯವರೆಲ್ಲ ಸೇರಿ ಬರೆದಿಡಬೇಕು, ಲೆಕ್ಕದ ಪುಸ್ತಕ ಯಾರು ಕೇಳಿದರೂ ತೆರೆದು ತೋರಿಸುವಂತಿರಬೇಕು, ಕಂತು ತಪ್ಪುವ ಸೂಚನೆ ಕಂಡರೆ ಬ್ಯಾಂಕಿನವರು ಬರುವ ಮೊದಲೇ ನಾವೇ ಹೋಗಿ ಮಾತನಾಡಬೇಕು. ಕೊನೆಯ ಷರತ್ತನ್ನು ಸೇರಿಸಿದವರು ಅಣ್ಣನೇ. ಪಾಲಿನ ವಿಷಯವನ್ನು ಒಂದು ಫಸಲು ಮುಗಿಯುವವರೆಗೆ ಎತ್ತಬಾರದೆಂದು ಇಬ್ಬರಿಂದಲೂ ಮಾತು ತೆಗೆದುಕೊಂಡೆ, ಏಕೆಂದರೆ ನಿದ್ದೆಗೆಟ್ಟವನೊಬ್ಬ, ಸಿಟ್ಟಿನಲ್ಲಿರುವವನೊಬ್ಬ ಕುಳಿತು ಹಂಚಿಕೊಳ್ಳುವಂಥದ್ದಲ್ಲ ಜಮೀನು.

ಈಗ ಅಣ್ಣ ಹೆಚ್ಚಿನ ರಾತ್ರಿ ಬೆಳಗಿನ ಜಾವದವರೆಗೆ ಮಲಗುತ್ತಾರೆ. ದರ ಏರುಪೇರಾದ ವಾರಗಳಲ್ಲಿ ಮಾತ್ರ ಎದೆ ಬಿಗಿತ ಮರಳುತ್ತದೆ. ಹೋಂಸ್ಟೇ ಎರಡು ಕೋಣೆಗೆ ಇಳಿದಿದೆ. ಹಳೆಯ ಉಗ್ರಾಣವನ್ನೇ ದುರಸ್ತಿ ಮಾಡಿ ಬಳಸೋಣ ಎಂದು ತಮ್ಮ ಸೂಚಿಸಿದಾಗ ಅಣ್ಣ ಒಪ್ಪಲಿಲ್ಲ, ಬೇರೆ ಜಾಗ ನೋಡುತ್ತಿದ್ದಾರೆ. ಸಾಲದ ಮಿತಿ ಎಷ್ಟಿರಬೇಕೆಂಬುದರಲ್ಲಿ ಇಬ್ಬರ ಅಂಕಿಗಳ ನಡುವೆ ಇನ್ನೂ ದೊಡ್ಡ ಅಂತರವಿದೆ. ಮುಂದಿನ ಭೇಟಿಗೆ ಅಣ್ಣನ ಹೆಂಡತಿಯನ್ನೂ ಬರಹೇಳಿದ್ದೇನೆ. ಮದುವೆಯಾಗಿ ಬಂದ ದಿನದಿಂದ ಈ ಮನೆಯ ನಿಯಮಗಳೊಡನೆ ಬಾಳಿದ ಆಕೆಗೆ ತನ್ನದೇ ಲೆಕ್ಕವಿರುತ್ತದೆ, ಮಿತಿಯ ಅಂಕಿಯನ್ನು ನಿರ್ಧರಿಸುವ ಮೊದಲು ಅದನ್ನೂ ಕೇಳಬೇಕಾಗಿದೆ.