ಸಂಪಾದಕರ ಉತ್ತರ: ಬೆಟ್ಟದಿಂದ ತರಬೇಕಾದ ಮರ

ಪ್ರಿಯ ಸಹೋದರರೇ,

ಕರ್ತನಾದ ಯೇಸುವಿನ ನಾಮದಲ್ಲಿ ವಂದನೆಗಳು. ನಿಮ್ಮ ನಾಲ್ಕು ಪುಟಗಳ ಪತ್ರವನ್ನು ಎರಡು ಬಾರಿ ಓದಿದೆ. ಹೆಸರು, ಊರು ಪ್ರಕಟಿಸಬೇಡಿ ಎಂದಿದ್ದೀರಿ, ಪ್ರಕಟಿಸುವುದಿಲ್ಲ. ಆದರೆ ಇಂಥದೇ ನೋವನ್ನು ಎದೆಯಲ್ಲಿಟ್ಟುಕೊಂಡು ಯಾರಿಗೂ ಹೇಳಲಾರದೆ ಇರುವವರು ನಮ್ಮ ಓದುಗರಲ್ಲಿ ಇನ್ನೂ ಇದ್ದಾರೆ. ಅವರಿಗೂ ತಲುಪಲಿ ಎಂದು ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ನೀವು ಬರೆದದ್ದರ ಸಾರ ಇಷ್ಟು. ಹನ್ನೆರಡು ಹೊಲಿಗೆ ಯಂತ್ರಗಳ ಸಣ್ಣ ಗಾರ್ಮೆಂಟ್ಸ್ ಘಟಕ ನಿಮ್ಮದು. ಆರ್ಡರ್ ಹೆಚ್ಚಿದಾಗ ಭಾನುವಾರವೂ ಕೆಲಸ ಶುರುವಾಯಿತು. ಆರಾಧನೆ ತಪ್ಪಿತು, ಮನೆಯ ಸಂಜೆ ಪ್ರಾರ್ಥನೆ ನಿಂತಿತು, ಏಳು ವರ್ಷ ಹಾಗೆಯೇ ಕಳೆಯಿತು. ಹೋದ ವರ್ಷ ಆರ್ಡರ್‌ಗಳೇ ನಿಂತುಹೋದವು. ಪತ್ನಿಯ ಬಳೆಗಳು ಅಡವಿನಲ್ಲಿವೆ, ಬ್ಯಾಂಕಿನ ಕಂತು ಬಾಕಿ ಇದೆ, ಹೊಲಿಯುವ ಇಬ್ಬರು ಹೆಂಗಸರಿಗೆ ಎರಡು ತಿಂಗಳ ಸಂಬಳ ಕೊಟ್ಟಿಲ್ಲ. ರಾತ್ರಿ ನಿದ್ದೆ ಬಾರದೆ ಸತ್ಯವೇದವನ್ನು ತೆರೆಯುತ್ತಿದ್ದೀರಿ. ಅದನ್ನು ಕಂಡ ಗೆಳೆಯರೊಬ್ಬರು 'ಸಂಕಟ ಬಂದಾಗ ವೆಂಕಟರಮಣ' ಎಂದು ನಕ್ಕರು. ಬೋಧಕರೊಬ್ಬರು ಸತ್ಯವೇದದಲ್ಲಿರುವ ಪ್ರವಾದಿ ಹಗ್ಗಾಯನ ಗ್ರಂಥದ ಮೊದಲ ಅಧ್ಯಾಯವನ್ನು ತೋರಿಸಿ, ದೇವರ ಮನೆಗೆ ಕೊಡದಿದ್ದುದಕ್ಕೇ ಈ ನಷ್ಟ, ಸಾಲ ಮಾಡಿಯಾದರೂ ಕಟ್ಟಡ ನಿಧಿಗೆ ಕೊಡಿ, ಎಲ್ಲವೂ ಸರಿಹೋಗುತ್ತದೆ ಎಂದರು. ಯಾವ ಮುಖ ಹೊತ್ತು ದೇವರ ಬಳಿಗೆ ಹೋಗಲಿ, ಆ ಸಾಲ ಮಾಡಲೇ ಬೇಡವೇ ಎಂದು ಕೇಳಿದ್ದೀರಿ.

ಸಾಲ ಮಾಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಉಳಿದ ಮಾತು ತಡವಾದರೂ ನಡೆಯುತ್ತದೆ.

ಇನ್ನು ಆ ಗಾದೆ. ನಮ್ಮ ಕನ್ನಡದ ಗಾದೆಗಳಲ್ಲಿ ಇದಕ್ಕಿಂತ ಚೆನ್ನಾಗಿ ಮನುಷ್ಯನ ಸ್ವಭಾವವನ್ನು ಹಿಡಿದದ್ದು ವಿರಳ. ಆದರೆ ಹಾಗೆ ಕೂಗಿದವನಿಗೆ ದೇವರು ಕಿವಿಗೊಡುವುದಿಲ್ಲ ಎಂದು ಗಾದೆ ಹೇಳುವುದಿಲ್ಲ, ಅದನ್ನು ನಾವೇ ಸೇರಿಸಿಕೊಳ್ಳುತ್ತೇವೆ. ಇವತ್ತು ರಾತ್ರಿ 107ನೆಯ ಕೀರ್ತನೆಯನ್ನು ಓದಿ. ಅರಣ್ಯದಲ್ಲಿ ದಾರಿ ತಪ್ಪಿದವರು, ಬೇಡಿ ಬಿದ್ದ ಸೆರೆಯಾಳುಗಳು, ತಮ್ಮ ದುರ್ನಡತೆಯಿಂದಲೇ ಕಾಯಿಲೆ ಬಿದ್ದವರು, ಬಿರುಗಾಳಿಗೆ ಸಿಕ್ಕ ನಾವಿಕರು, ಹೀಗೆ ನಾಲ್ಕು ಗುಂಪುಗಳು ಅದರಲ್ಲಿ ಬರುತ್ತವೆ. ನಾಲ್ಕೂ ಕಡೆ ಒಂದೇ ಪಲ್ಲವಿ: ಕಷ್ಟದಲ್ಲಿ ಅವರು ಯೆಹೋವನಿಗೆ ಮೊರೆಯಿಟ್ಟರು, ಆತನು ಬಿಡಿಸಿದನು. ಸುಖದಲ್ಲಿದ್ದಾಗ ಇವರು ಏನು ಮಾಡುತ್ತಿದ್ದರೆಂದು ಆತನು ಒಬ್ಬರನ್ನೂ ಕೇಳಲಿಲ್ಲ. ಲೂಕನು ಬರೆದ ಸಾಮ್ಯದಲ್ಲಿ, ಪಾಲು ಪಡೆದು ಹೋಗಿ ಎಲ್ಲವನ್ನೂ ಕಳೆದುಕೊಂಡ ಮೇಲೆ ತಂದೆಯ ಮನೆಯನ್ನು ನೆನೆದ ಮಗನಿಗೂ ಮೊದಲು ನೆನಪಾದದ್ದು ಅಲ್ಲಿಯ ಕೂಲಿಯಾಳುಗಳಿಗೆ ಸಿಗುವ ಹೊಟ್ಟೆತುಂಬ ರೊಟ್ಟಿ. ಹಸಿದೇ ಬಂದ. ತಂದೆ ಓಡಿ ಹೋಗಿ ಅಪ್ಪಿಕೊಂಡ.

ಹಗ್ಗಾಯನ ವಿಷಯಕ್ಕೆ ಬರೋಣ. ಆ ಬೋಧಕರು ಪ್ರವಾದಿಗೂ ಅನ್ಯಾಯ ಮಾಡಿದ್ದಾರೆ, ನಿಮಗೂ ಮಾಡಿದ್ದಾರೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಎರಡೇ ಅಧ್ಯಾಯ, ಮೂವತ್ತೆಂಟು ವಚನಗಳ ಪುಟ್ಟ ಗ್ರಂಥ ಅದು. ಬಾಬೆಲಿನ ಸೆರೆಯಿಂದ ಹಿಂದಿರುಗಿದ ಯೆಹೂದ್ಯರು ಯೆರೂಸಲೇಮಿನಲ್ಲಿ ದೇವಾಲಯಕ್ಕೆ ಅಸ್ತಿವಾರ ಹಾಕಿದ್ದರು. ನೆರೆಯವರ ವಿರೋಧದಿಂದ ಕೆಲಸ ನಿಂತಿತು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಬಿದ್ದಿತ್ತು. ಕ್ರಿಸ್ತಪೂರ್ವ 520ರಲ್ಲಿ, ಪರ್ಷಿಯದ ಅರಸ ದಾರ್ಯಾವೆಷನ ಆಳಿಕೆಯ ಎರಡನೆಯ ವರ್ಷದ ಆರನೆಯ ತಿಂಗಳ ಮೊದಲನೆಯ ದಿನ ಹಗ್ಗಾಯನು ಮಾತನಾಡಿದ. ಮಳೆಯಿಲ್ಲದ ವರ್ಷ. ಬಿತ್ತಿದ್ದು ಬಹಳ, ಮನೆಗೆ ಬಂದದ್ದು ಕೊಂಚ. ಉಂಡರೂ ಹೊಟ್ಟೆ ತುಂಬದು, ಹೊದ್ದರೂ ಚಳಿ ಹೋಗದು. ಕೂಲಿಯ ಹಣ ತೂತಿನ ಚೀಲಕ್ಕೆ ಹಾಕಿದಂತೆ. ಹೀಗಿದ್ದರೂ ಜನರು ತಮ್ಮ ಮನೆಗಳಿಗೆ ಹಲಗೆ ಹೊದಿಸಿಕೊಂಡು, ದೇವಾಲಯಕ್ಕೆ ಇನ್ನೂ ಕಾಲ ಬಂದಿಲ್ಲ ಎನ್ನುತ್ತಿದ್ದರು. ನಿಮ್ಮ ನಡತೆಯನ್ನು ಮನಸ್ಸಿಗೆ ತಂದುಕೊಳ್ಳಿ ಎಂದ ಪ್ರವಾದಿ. ಹೀಬ್ರೂ ಮೂಲದಲ್ಲಿ ಅದು 'ನಿಮ್ಮ ಹೃದಯವನ್ನು ನಿಮ್ಮ ದಾರಿಗಳ ಮೇಲೆ ಇಡಿ' ಎಂಬಂತಿದೆ. 'ಮನಸ್ಸಿಡಿ' ಎಂಬ ಈ ಮಾತು ಆ ಪುಟ್ಟ ಗ್ರಂಥದಲ್ಲಿ ಐದು ಸಲ ಬರುತ್ತದೆ.

ಈಗ ಎಂಟನೆಯ ವಚನವನ್ನು ಬೆರಳಿಟ್ಟು ಓದಿ. ಬೆಟ್ಟ ಹತ್ತಿ ಮರ ತಂದು ಆಲಯವನ್ನು ಕಟ್ಟಿರಿ. ದೇವರು ಕೇಳಿದ್ದು ಮರ, ಮೈಬೆವರು, ಹೊತ್ತು. ಬರದಲ್ಲಿ ಬಸವಳಿದ ಜನರ ಹತ್ತಿರ ಆತನು ಹಣ ಕೇಳಲಿಲ್ಲ. ಬೆಳ್ಳಿ ನನ್ನದು, ಬಂಗಾರ ನನ್ನದು ಎಂದು ಎರಡನೆಯ ಅಧ್ಯಾಯದಲ್ಲಿ ತಾನೇ ಹೇಳುತ್ತಾನೆ. ಬಳೆ ಅಡವಿಟ್ಟ ಮನೆಯವರಿಂದ ಬಡ್ಡಿ ಸಾಲದ ಕಾಣಿಕೆ ಕೇಳಲು ಈ ಗ್ರಂಥವನ್ನು ಬಳಸುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಬರೆಯುವಾಗಲೂ ಬರುತ್ತಿದೆ.

ಅಂದಿನ ಬರಕ್ಕೆ ಕಾರಣ ಇಂಥದು ಎಂದು ಪ್ರವಾದಿಯ ಬಾಯಿಂದ ದೇವರೇ ಹೇಳಿದ. ನಿಮ್ಮ ಆರ್ಡರ್ ನಿಂತ ಕಾರಣವನ್ನು ಹಾಗೆ ಹೇಳುವ ಅಧಿಕಾರ ಆ ಬೋಧಕರಿಗೂ ಇಲ್ಲ, ನನಗೂ ಇಲ್ಲ. ಯೆರೂಸಲೇಮಿನ ಸಿಲೋವದಲ್ಲಿದ್ದ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ನೆನಸುತ್ತೀರೋ ಎಂದು ಯೇಸು ಕೇಳಿದನು. ಇಲ್ಲವೆಂದು ತಾನೇ ಉತ್ತರ ಕೊಟ್ಟನು. ಆದರೆ ಅದೇ ಉಸಿರಿನಲ್ಲಿ ಕೇಳುವವರನ್ನು ಮನಸ್ಸು ತಿರುಗಿಸಿಕೊಳ್ಳಲು ಕರೆದನು. ನಷ್ಟಕ್ಕೆ ಕಾರಣ ಹುಡುಕುವುದನ್ನು ಬಿಡಿ. ಏಳು ವರ್ಷದ ಭಾನುವಾರಗಳ ಲೆಕ್ಕವನ್ನು ಮಾತ್ರ ನೀವು ದೇವರ ಮುಂದೆ ಇಡಬೇಕು, ಅದನ್ನು ನಿಮ್ಮ ಪತ್ರದಲ್ಲಿ ನೀವೇ ಒಪ್ಪಿಕೊಂಡಿದ್ದೀರಿ.

ಈ ಗ್ರಂಥದಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ತಾರೀಖುಗಳು. ಪ್ರವಾದಿ ಮಾತನಾಡಿದ್ದು ತಿಂಗಳ ಮೊದಲನೆಯ ದಿನ. ಯೆಹೂದದ ಅಧಿಪತಿ ಜೆರುಬ್ಬಾಬೆಲ, ಮಹಾಯಾಜಕ ಯೆಹೋಶುವ ಮತ್ತು ಜನರು ಕೆಲಸಕ್ಕೆ ಕೈಹಾಕಿದ್ದು ಇಪ್ಪತ್ತನಾಲ್ಕನೆಯ ದಿನ. ನಡುವೆ ಇಪ್ಪತ್ತಮೂರು ದಿನ. ನಾನು ನಿಮ್ಮ ಸಂಗಡ ಇದ್ದೇನೆ ಎಂಬ ದೇವರ ಮಾತು ಕೆಲಸ ಶುರುವಾಗುವ ಮುಂಚೆಯೇ ಬರುತ್ತದೆ. ಜನರು ಕಿವಿಗೊಟ್ಟು ಭಯಭಕ್ತಿಯಿಂದ ನಿಂತರು, ಅಷ್ಟೇ. ಒಂದು ಮರವೂ ಬೆಟ್ಟದಿಂದ ಇಳಿದು ಬಂದಿತ್ತೆಂದು ಗ್ರಂಥ ಹೇಳುವುದಿಲ್ಲ. ಎಲ್ಲವನ್ನೂ ಸರಿಮಾಡಿಕೊಂಡ ಮೇಲೆ ಸಭೆಗೆ ಹೋಗುತ್ತೇನೆ ಎಂದು ಬರೆದಿದ್ದೀರಲ್ಲ, ಆ ಸಾಲನ್ನು ದಯವಿಟ್ಟು ಹೊಡೆದುಹಾಕಿ.

ಹಾಗಾದರೆ ನಿಮ್ಮ ಮರ ಯಾವುದು? ನಾನು ಓದಿಕೊಂಡ ಮಟ್ಟಿಗೆ, ಆ ಇಬ್ಬರು ಹೆಂಗಸರ ಸಂಬಳ. ಪತ್ರದ ಮೂರನೆಯ ಪುಟದಲ್ಲಿ ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ದುಡಿಮೆಯ ಹತ್ತರಲ್ಲಿ ಒಂದು ಪಾಲನ್ನು ದೇವರಿಗೆ ಕೊಡುವ ದಶಮಾಂಶದ ಪ್ರಸಂಗಗಳಲ್ಲಿ ಪ್ರವಾದಿ ಮಲಾಕಿಯನ ಗ್ರಂಥದ ಮೂರನೆಯ ಅಧ್ಯಾಯದ ಹತ್ತನೆಯ ವಚನ ನಮಗೆಲ್ಲ ಬಾಯಿಪಾಠ. ಅದೇ ಅಧ್ಯಾಯದ ಐದನೆಯ ವಚನವನ್ನು ಎಷ್ಟು ಜನ ಓದಿದ್ದೇವೆ? ಕೂಲಿಯವನ ಕೂಲಿಯಲ್ಲಿ ವಂಚಿಸುವವರಿಗೆ ವಿರುದ್ಧವಾಗಿ ಸಾಕ್ಷಿ ನಿಲ್ಲುತ್ತೇನೆ ಎಂದು ಅಲ್ಲಿ ದೇವರು ಹೇಳುತ್ತಾನೆ. ನಿಮ್ಮ ಮನಸ್ಸಿನಲ್ಲಿ ವಂಚನೆ ಇಲ್ಲವೆಂದು ಬಲ್ಲೆ. ಆದರೂ ಅವರ ಮನೆಯ ಒಲೆಯ ಮುಂದೆ ಆ ವ್ಯತ್ಯಾಸ ಕಾಣುವುದಿಲ್ಲ. ಸುಮ್ಮನೆ ನಿಂತಿರುವ ಯಂತ್ರಗಳಲ್ಲಿ ಎರಡನ್ನು ಮಾರಿದರೆ ಈ ಬಾಕಿ ತೀರುತ್ತದೆಯೇ, ನೋಡಿ. ಬ್ಯಾಂಕಿಗೆ ಅವು ಒತ್ತೆಯಾಗಿದ್ದರೆ ಮೊದಲು ವ್ಯವಸ್ಥಾಪಕರನ್ನು ಕಂಡು ಮಾತನಾಡಿ. ನೀವಾಗಿಯೇ ಹೋಗಿ ಕಂತಿನ ಅವಧಿ ಹೆಚ್ಚಿಸಲು ಕೇಳುವುದಕ್ಕೂ ನೋಟಿಸ್ ಬಂದ ಮೇಲೆ ಓಡುವುದಕ್ಕೂ ಬಹಳ ಅಂತರವಿದೆ.

ನನ್ನ ತಾಯಿಯ ಮಾತೊಂದನ್ನು ಹೇಳಬೇಕು. ತಂದೆ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯ ಕೂಲಿ. ತಾಯಿ ದಿನವೂ ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಹಾಲಿನ ಪುಡಿಯ ಹಳೆಯ ಡಬ್ಬಿಗೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಅದು ಸಭೆಗೆ ಹೋಗುತ್ತಿತ್ತು. ಉಳಿದದ್ದರಲ್ಲಿ ಕೊಡುವುದಲ್ಲ ಮಗಾ, ಮೊದಲ ಹಿಡಿ ದೇವರದು ಎನ್ನುತ್ತಿದ್ದರು. ಕಾರ್ಖಾನೆ ಮುಚ್ಚಿದ ವರ್ಷ ಮನೆಯಲ್ಲಿ ಗಂಜಿಗೂ ತತ್ವಾರ. ಆಗಲೂ ಅವರು ಡಬ್ಬಿಯನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡು ಹೋದರು, ಕಾಲು ಭಾಗವೂ ತುಂಬಿರಲಿಲ್ಲ. ನಾನೂ ಜೊತೆಗಿದ್ದೆ. ಸಭಾಪಾಲಕರಾದ ಅಯ್ಯನವರು ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಪ್ರಾರ್ಥನೆ ಮಾಡಿದರು. ಆಮೇಲೆ ಸಭೆಯ ಅಕ್ಕಿಯ ಚೀಲ ಬಿಚ್ಚಿ, ಡಬ್ಬಿ ತುಂಬಿ ಚೆಲ್ಲುವಷ್ಟು ಹಾಕಿ, ಇನ್ನೂ ಎರಡು ಸೇರು ಕಟ್ಟಿಕೊಟ್ಟರು. ತಾಯಿ ಬೇಡವೆಂದರು. 'ಇದು ನಿಮ್ಮ ಕೈಯ ಅಕ್ಕಿಯೇ ಅಮ್ಮ, ಇಷ್ಟು ವರ್ಷ ನೀವೇ ತಂದದ್ದು' ಎಂದರು ಅಯ್ಯನವರು.

ಸಭೆಯೆಂದರೆ ನಾನು ಬಲ್ಲುದು ಇದು. ಆದ್ದರಿಂದ ನಿಮ್ಮ ಸಭಾಪಾಲಕರನ್ನು ಈ ವಾರವೇ ಕಂಡು ನನಗೆ ಬರೆದದ್ದನ್ನೆಲ್ಲ ಹೇಳಿ. ಕಾಣಿಕೆಗೆ ಹತ್ತು ರೂಪಾಯಿ ಇದ್ದರೆ ಹತ್ತು ರೂಪಾಯಿ ಹಾಕಿ, ಸಹಾಯ ಬೇಕಿದ್ದರೆ ಕೇಳಿ. ಭಾನುವಾರ ಘಟಕದ ಬಾಗಿಲು ಹಾಕಿ. ಆರ್ಡರ್ ಮರಳಿ ಬಂದ ಮೇಲೂ ಹಾಕಿ, ಕಷ್ಟ ಅಲ್ಲಿಂದ ಶುರುವಾಗುತ್ತದೆ. ಸಂಜೆಯ ಪ್ರಾರ್ಥನೆಯನ್ನು ಮರಳಿ ಆರಂಭಿಸುವಾಗ ಹತ್ತು ನಿಮಿಷ ಸಾಕು, ಆದರೆ ಮಗಳನ್ನು ಕೂರಿಸಿಕೊಳ್ಳಿ. ಅಪ್ಪ ಈಗ ಬೇರೆಯವರ ಹಾಗೆ ನಗುವುದೇ ಇಲ್ಲ ಎಂದು ಅವಳು ಹೇಳಿದ್ದನ್ನು ನೀವೇ ಬರೆದಿದ್ದೀರಿ.

ಹಣದ ತೊಂದರೆ ಬೇಗ ತೀರುತ್ತದೆ ಎಂಬ ಮಾತನ್ನು ನಾನು ಕೊಡಲಾರೆ. ಯೆರೂಸಲೇಮಿನವರು ಕೆಲಸ ಹಿಡಿದು ಮೂರು ತಿಂಗಳಾದ ಮೇಲೂ, ಒಂಬತ್ತನೆಯ ತಿಂಗಳ ಇಪ್ಪತ್ತನಾಲ್ಕರಂದು, ದ್ರಾಕ್ಷಿ, ಅಂಜೂರ, ದಾಳಿಂಬೆ, ಎಣ್ಣೆಮರಗಳು ಇನ್ನೂ ಫಲ ಬಿಟ್ಟಿರಲಿಲ್ಲ. ಇಂದು ಮೊದಲ್ಗೊಂಡು ಆಶೀರ್ವದಿಸುತ್ತೇನೆ ಎಂಬ ಮಾತು ಬಂದದ್ದು ಆ ಬರಿಯ ಕೊಂಬೆಗಳ ಮುಂದೆಯೇ. ಆಲಯ ಮುಗಿಯಲು ಮತ್ತೆ ನಾಲ್ಕು ವರ್ಷ ಹಿಡಿಯಿತು.

ನಿಮ್ಮ ಸಭೆಯಲ್ಲಿ ಆರಾಧನೆ ಒಂಬತ್ತು ಗಂಟೆಗೆ ಎಂದಿದ್ದೀರಿ. ಬರುವ ಭಾನುವಾರ ಆ ಹೊತ್ತಿಗೆ ನಿಮ್ಮನ್ನೂ ನಿಮ್ಮ ಮನೆಯವರನ್ನೂ ಹೆಸರು ಹಿಡಿದು ನೆನೆಯುತ್ತೇನೆ. ಕೊನೆಯ ಬೆಂಚಿನಲ್ಲಿ ಕುಳಿತರೂ ಸರಿ. ಹೆಂಗಸರ ಸಂಬಳ ಕೊಟ್ಟ ದಿನ ಒಂದು ಕಾರ್ಡು ಹಾಕಿ.

ಕರ್ತನಲ್ಲಿ ನಿಮ್ಮ ಸಹೋದರ,
ಸಂಪಾದಕ