ಬಾಗಿಲು ತೆರೆಯುವ ಮೊದಲು

(ಓದುಗರ ಪತ್ರದ ಸಾರ: ತುಮಕೂರಿನ ಹತ್ತಿರ ನಮಗೆ ಎರಡು ಎಕರೆ ಜಮೀನಿದೆ, ಕೊಳವೆಬಾವಿಯಲ್ಲಿ ನೀರೂ ಇದೆ. ಗಂಡ ಹೆಂಡತಿ ಇಬ್ಬರೂ ನಿವೃತ್ತರು. ಸಾಕಿದವರು ಬೇಡವೆಂದು ಬಿಟ್ಟ ನಾಯಿ, ಬೆಕ್ಕುಗಳು ಕೊನೆತನಕ ಇರುವಂಥ ಮನೆ ಮಾಡಬೇಕೆಂದಿದ್ದೇವೆ. ಬಂದ ಯಾವುದನ್ನೂ ಇಲ್ಲವೆನ್ನದೆ ಸೇರಿಸಿಕೊಳ್ಳುವ ಆಸೆ. ನಿಮ್ಮ ಅಭಿಪ್ರಾಯವೇನು?)

ನಿಮ್ಮ ಪತ್ರ ಓದಿ ಮನಸ್ಸು ತುಂಬಿತು. ಇಂಥ ಮನೆಗಳು ನಮ್ಮಲ್ಲಿ ಬೇಕೇ ಬೇಕು. ಆದರೆ ನಿಮ್ಮ ಕೊನೆಯ ಆಸೆಯನ್ನು ನಾನು ಒಪ್ಪಲಾರೆ. ಬಂದದ್ದನ್ನೆಲ್ಲ ಸೇರಿಸಿಕೊಳ್ಳುತ್ತ ಹೋದರೆ ಮನೆಯಾಗಬೇಕಾದದ್ದು ದೊಡ್ಡಿಯಾಗುತ್ತದೆ. ಎಷ್ಟು ಪ್ರಾಣಿ ಎಂಬುದನ್ನು ಮೊದಲೇ ನಿಶ್ಚಯಿಸಿ, ಆ ಸಂಖ್ಯೆ ಮುಟ್ಟಿದ ದಿನ ಗಟ್ಟಿ ಮನಸ್ಸು ಮಾಡಿ ಇಲ್ಲ ಎನ್ನಿ.

ನಾಯಿಗೆ ಹತ್ತು ಹನ್ನೆರಡು ವರ್ಷ ಆಯಸ್ಸು, ಮನೆಯೊಳಗೇ ಬೆಳೆದ ಬೆಕ್ಕು ಹದಿನೈದು ದಾಟುವುದೂ ಉಂಟು. ಇಂದು ಸೇರಿಸಿಕೊಂಡ ಎರಡು ವರ್ಷದ ಲ್ಯಾಬ್ರಡಾರ್‌ಗೆ ನಿಮಗೆ ಎಪ್ಪತ್ತಾಗುವವರೆಗೂ ಅನ್ನ ಹಾಕಬೇಕು. ಅದಕ್ಕೆ ಸೊಂಟ ಸೋತಾಗ ಎತ್ತಿ ಹೊರಗೆ ಕರೆದೊಯ್ಯಬೇಕು. ನಿಮ್ಮಿಬ್ಬರ ನಂತರ ಯಾರು? ಇದನ್ನು ಮಾತಿನಲ್ಲಿ ಬಿಡಬೇಡಿ. ಟ್ರಸ್ಟ್ ಮಾಡಿ, ನಿಮಗಿಂತ ಚಿಕ್ಕ ವಯಸ್ಸಿನ ಇಬ್ಬರನ್ನಾದರೂ ಸೇರಿಸಿ, ಜಮೀನಿನ ವಿಷಯವನ್ನು ಟ್ರಸ್ಟ್ ಪತ್ರದಲ್ಲೇ ಬರೆಸಿ.

ಗುಂಪು ದೊಡ್ಡದಾದಷ್ಟೂ ಹೆಚ್ಚು ಹೆದರಬೇಕಾದದ್ದು ರೋಗಕ್ಕೆ. ಪಾರ್ವೊ ಎಂಬ ಕರುಳಿನ ವೈರಾಣು ರೋಗ ಬಂದ ಒಂದು ನಾಯಿಮರಿ ಸಾಕು, ಲಸಿಕೆಯಿಲ್ಲದ ಉಳಿದ ಮರಿಗಳೆಲ್ಲ ವಾಂತಿ, ರಕ್ತಭೇದಿಯಿಂದ ನೆಲ ಹಿಡಿಯುತ್ತವೆ. ಆ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಸಾಮಾನ್ಯ ಫಿನಾಯಿಲಿಗೆ ಬಗ್ಗುವುದಿಲ್ಲ. ಬೆಕ್ಕುಗಳಿಗೂ ಇದೇ ಜಾತಿಯ ರೋಗವಿದೆ. ಆದ್ದರಿಂದ ಮೊದಲು ಕಟ್ಟಬೇಕಾದದ್ದು ದೂರದಲ್ಲೊಂದು ಪ್ರತ್ಯೇಕ ಕೋಣೆ, ತೊಳೆಯಲು ಬರುವಂಥ ಸಿಮೆಂಟ್ ನೆಲದ್ದು. ಹೊಸದಾಗಿ ಬಂದದ್ದು ಎರಡು ವಾರವಾದರೂ ಅಲ್ಲೇ ಇರಲಿ. ಅದರ ತಟ್ಟೆ, ಪೊರಕೆ, ಅಲ್ಲಿಗೆ ಹೋಗುವವರ ಚಪ್ಪಲಿ ಎಲ್ಲವೂ ಬೇರೆ. ಬೆಕ್ಕುಗಳಿಗೆ ಮೇಲೂ ಬಲೆ ಹಾಕಿದ ಆವರಣ ಬೇಕು. ಸಂತಾನಹರಣ ಚಿಕಿತ್ಸೆಯನ್ನು ಮುಂದೂಡಲೇಬೇಡಿ: ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗಬ್ಬವಾಗಬಲ್ಲದು, ಎರಡು ತಿಂಗಳಿಗೆ ಮರಿ ಹಾಕುತ್ತದೆ.

ಅಮೆರಿಕದ ಯೂಟಾದ ಕನಾಬ್ ಬಳಿ ಬೆಸ್ಟ್ ಫ್ರೆಂಡ್ಸ್ ಸಂಸ್ಥೆ 1984ರಿಂದ ಇಂಥ ಅಭಯಧಾಮ ನಡೆಸುತ್ತಿದೆ, ಅಲ್ಲಿರುವುದು ಸುಮಾರು 1,600 ಪ್ರಾಣಿ. ಅಷ್ಟು ದೊಡ್ಡ ಜಾಗದವರೂ ಆದಷ್ಟನ್ನು ಒಳ್ಳೆಯ ಮನೆಗಳಿಗೆ ದತ್ತು ಕೊಡುತ್ತಾರೆ. ನೀವೂ ಹಾಗೇ ಮಾಡಿ. ಮರಿಗಳಿಗೆ ಮನೆ ಹುಡುಕಿ, ಮುದಿಯಾದವು, ಕುರುಡು, ಕುಂಟು, ಯಾರೂ ಒಯ್ಯದಂಥವು ನಿಮ್ಮಲ್ಲಿ ಉಳಿಯಲಿ.

ಬೀದಿನಾಯಿಗಳನ್ನು ಇದಕ್ಕೆ ಸೇರಿಸಬೇಡಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಅವುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ ಹಿಡಿದ ಜಾಗಕ್ಕೇ ಬಿಡಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಮುಂತಾದವುಗಳ ಆವರಣದ ನಾಯಿಗಳನ್ನು ಮಾತ್ರ ಆಶ್ರಯತಾಣಕ್ಕೆ ಸೇರಿಸಿ ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಸ್ಥಳೀಯ ಸಂಸ್ಥೆಗಳ ಹೊಣೆ. ನಿಮ್ಮಲ್ಲಿ ಜಾಗವಿದೆ ಎಂದು ಯಾರಾದರೂ ಗಾಡಿ ತಂದು ನಿಲ್ಲಿಸಿದರೆ ಒಪ್ಪಬೇಡಿ.

ಸಾಕಿ ಬಿಟ್ಟವರ ಬಗ್ಗೆ ನಿಮ್ಮ ಸಿಟ್ಟು ನನ್ನದೂ ಹೌದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಸಾಕುಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ! ಸಾವಿರಾರು ರೂಪಾಯಿ ಕೊಟ್ಟು ಹಸ್ಕಿ ತಳಿಯ ನಾಯಿ ತಂದವರಿಗೆ ಇದು ಯಾವ ಲೆಕ್ಕ? ಈ ಮೊತ್ತ ಬದಲಾಗಬೇಕೆಂದು ನಾವು ಬರೆಯುತ್ತಲೇ ಇರುತ್ತೇವೆ.

ಗೇಟಿಗೆ ಬೋರ್ಡು ಹಾಕಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ. ಬೋರ್ಡು ಕಂಡವರು ರಾತ್ರಿ ರಟ್ಟಿನ ಡಬ್ಬದಲ್ಲಿ ಮರಿಗಳನ್ನಿಟ್ಟು ಹೋಗುತ್ತಾರೆ. ಊರಿನ ಪಶುವೈದ್ಯರನ್ನು ಈಗಲೇ ಕಂಡು ಮಾತಾಡಿ. ಅವರು ನೋಡಿ ಕಳಿಸಿದ ಐದಾರು ಪ್ರಾಣಿಗಳಿಂದ ಶುರುಮಾಡಿ, ಒಂದು ವರ್ಷದ ಖರ್ಚು ಬರೆದಿಟ್ಟು, ಆಮೇಲೆ ಸಂಖ್ಯೆ ಹೆಚ್ಚಿಸಬೇಕೇ ನೋಡಿ.

-ಸಂಪಾದಕ