ಬೆಟ್ಟದ ದಾರಿಗೆ ಎಷ್ಟು ಹೊತ್ತು?

ಪ್ರಶ್ನೆ: ಪಾರ್ಕಿನ ಸಮತಟ್ಟು ದಾರಿಯಲ್ಲಿ 10 ಕಿ.ಮೀ. ಆರಾಮಾಗಿ ನಡೆಯುತ್ತೇನೆ. ಬೆಟ್ಟದಲ್ಲಿ ಅಷ್ಟೇ ದೂರಕ್ಕೆ ಎಷ್ಟು ಹೊತ್ತು ಬೇಕು?

ಉತ್ತರ: ದೂರ ಒಂದನ್ನೇ ನೋಡಬೇಡಿ, ಏರು ಎಷ್ಟಿದೆ ಅಂತಲೂ ನೋಡಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರುತ್ತದೆ. 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ ಹೋಗಿ ಬರುವ 10 ಕಿ.ಮೀ.ಯಲ್ಲಿ 900 ಮೀಟರ್ ಏರಿದ್ದರೆ ಮೂರೂವರೆ ಗಂಟೆ, ಅದೂ ಎಲ್ಲೂ ಕೂರದೆ ನಡೆದರೆ, ಹಾಗಾಗಿ ಊಟ, ಫೋಟೋ, ದಣಿವು ಎಲ್ಲ ಸೇರಿಸಿ ಐದು ಗಂಟೆ ಇಟ್ಟುಕೊಳ್ಳಿ.

ಇಳಿಯುವುದು ಸುಲಭ ಅಂತ ಸುಮ್ನೆ ಅಂದುಕೊಳ್ಳಬೇಡಿ, ಮಂಡಿಗೆ ಪೆಟ್ಟು ಜಾಸ್ತಿ ಅಲ್ಲೇ. ಇಳಿಯುವ ಮೊದಲು ಶೂ ಲೇಸ್ ಬಿಗಿ ಮಾಡಿ, ಇಲ್ಲದಿದ್ದರೆ ಕಾಲು ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಒತ್ತಿ ಕಪ್ಪಾಗುತ್ತದೆ.